ಸೂಪಿನ ಡಬ್ಬ, ಸ್ಟಾರ್ ಅತಿಥಿ ಮತ್ತು ಅಮ್ಮನ ಅಕ್ಷರ



ಹೋದ ತಿಂಗಳು ರೂವಿಯಲ್ಲಿ ನಮ್ಮ ರಾಜ್ಯೋತ್ಸವದ ಮೊದಲ ತಯಾರಿ ಸಭೆ ನಡೆಯಿತು. ಚಹಾ, ಬಿಸ್ಕತ್ತು, ಖಾರದ ಮಿಕ್ಸ್ಚರ್ ಬರುವುದಕ್ಕೆ ಮೊದಲೇ ಪ್ರಶ್ನೆ ಬಂತು: "ಈ ಸಲ ಯಾರನ್ನ ಕರೆಸೋದು?" ಮುಂದಿನ ಒಂದೂವರೆ ಗಂಟೆ ಅದೇ ಚರ್ಚೆ. ಒಬ್ಬರು ನಟನ ಹೆಸರು ಹೇಳಿದರು, ಇನ್ನೊಬ್ಬರು ಗಾಯಕಿಯದ್ದು, ಮತ್ತೊಬ್ಬರು ಟೀವಿ ನಿರೂಪಕರದ್ದು. ಅವರ ಮ್ಯಾನೇಜರ್ ನಂಬರ್ ಯಾರ ಹತ್ತಿರ ಇದೆ, ಜೊತೆಗೆ ಎಷ್ಟು ಜನ ಬರುತ್ತಾರೆ, ಎಂಥ ಹೋಟೆಲ್ ಕೇಳುತ್ತಾರೆ... ಮಕ್ಕಳ ಕಾರ್ಯಕ್ರಮದ ವಿಷಯಕ್ಕೆ ಬರುವಷ್ಟರಲ್ಲಿ ಮಿಕ್ಸ್ಚರ್ ಖಾಲಿ, ಜನರೂ ಅರ್ಧ ಖಾಲಿ.

ನಾನು ಮೂಲೆಯಲ್ಲಿ ಕೂತು ಬೇರೇನನ್ನೋ ಯೋಚಿಸುತ್ತಿದ್ದೆ. ನನ್ನ ತಲೆಯಲ್ಲಿ 2023ರಲ್ಲಿ ನೋಡಿದ ಒಂದು ಪ್ರದರ್ಶನ ಸುತ್ತುತ್ತಿತ್ತು. ಅದರ ಹೆಸರೇ 'ಫೇಮ್', ಅಂದರೆ ಖ್ಯಾತಿ. ಸಭೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ (ಸಂಪಾದಕರೇ ಸಾಕ್ಷಿ), ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆಂಡಿ ವಾರ್ಹಾಲ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಮಗಳ ಶಾಲೆಯಿಂದ. ಆಗ ಅವಳಿಗೆ 14 ವರ್ಷ, ಆರ್ಟ್ ಪ್ರಾಜೆಕ್ಟ್‌ಗೆ 'ಪಾಪ್ ಆರ್ಟ್' ವಿಷಯ. ನನ್ನ ಶ್ರೀಮತಿ ಕೇಳಿದ್ದು ಒಂದೇ ಮಾತು: "ಪಾಪ್ ಆರ್ಟ್ ಅಂದರೆ ಬರೆಯಲಿಕ್ಕೆ ಬಾರದ ಪಾಪದವರು ಮಾಡುವ ಆರ್ಟಾ?" ಅದೇ ಹೊತ್ತಿಗೆ ಸೌದಿ ಅರೇಬಿಯಾದ ಅಲ್-ಉಲಾದಲ್ಲಿ ವಾರ್ಹಾಲ್ ಕೃತಿಗಳ ಪ್ರದರ್ಶನ ಶುರುವಾಗಿತ್ತು. ಫೆಬ್ರವರಿ 17ರಿಂದ ಮೇ 16ರವರೆಗೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಆಂಡಿ ವಾರ್ಹಾಲ್ ಮ್ಯೂಸಿಯಂನ ಸಂಗ್ರಹದಿಂದ ತಂದ ಕೃತಿಗಳು. ಪಿಟ್ಸ್‌ಬರ್ಗ್ ಅಂದರೆ ನಮ್ಮವರಿಗೆಲ್ಲ ವೆಂಕಟೇಶ್ವರ ದೇವಸ್ಥಾನ. ಅದೇ ಊರಿನಲ್ಲಿ ಹುಟ್ಟಿದವ ಈ ಕಲಾವಿದ ಎಂದು ನನಗೆ ಗೊತ್ತಿರಲಿಲ್ಲ. ಈದ್ ರಜೆಗೆ ಪ್ರತಿ ಸಲ ಸಲಾಲಾ, ಇಲ್ಲವೇ ದುಬೈ. ಈ ಸಲ ಬೇರೆ ಕಡೆ ಹೋಗೋಣ ಎಂದು ಮಗಳು ಹಟ ಹಿಡಿದಳು. ರಿಯಾದಿನಲ್ಲಿ ವಿಮಾನ ಬದಲಿಸಿ, ನಾಲ್ಕು ಜನರ ಟಿಕೆಟ್ಟಿನ ಲೆಕ್ಕ ನೋಡಿ ಒಮ್ಮೆ ಎದೆ ಹಿಡಿದುಕೊಂಡು, ಅಂತೂ ಹೋದೆವು.

ಅಲ್-ಉಲಾ ಅಂದರೆ ಕೆಂಪು ಮರಳುಗಲ್ಲಿನ ಕಣಿವೆ. ಎರಡು ಸಾವಿರ ವರ್ಷದ ಹಿಂದೆ ನಬಾತಿಯನ್ ಜನ ಬಂಡೆ ಕೊರೆದು ಮಾಡಿದ ಹೆಗ್ರಾ ಸಮಾಧಿಗಳು ಅಲ್ಲೇ ಹತ್ತಿರ. 2008ರಲ್ಲಿ ಸೌದಿಯ ಮೊದಲ ಯುನೆಸ್ಕೋ ತಾಣವಾದದ್ದು ಅದೇ. ಬಾದಾಮಿ ನೋಡಿದವರಿಗೆ ಬಂಡೆಯ ಬಣ್ಣ ತೀರಾ ಹೊಸದಲ್ಲ. ಆ ಬಂಡೆಗಳ ನಡುವೆ 'ಮರಾಯಾ' ಎಂಬ ಕಟ್ಟಡ. ಅರಬಿಯಲ್ಲಿ ಮರಾಯಾ ಅಂದರೆ ಕನ್ನಡಿಗಳು. ಹೊರಗೋಡೆಯೆಲ್ಲ ಕನ್ನಡಿ, ಸುಮಾರು 9,740 ಚದರ ಮೀಟರ್. ಜಗತ್ತಿನ ಅತಿ ದೊಡ್ಡ ಕನ್ನಡಿ ಕಟ್ಟಡ ಎಂದು ಗಿನ್ನೆಸ್ ದಾಖಲೆ ಇದೆ. ದೂರದಿಂದ ಕಟ್ಟಡ ಕಾಣುವುದೇ ಇಲ್ಲ, ಬರೀ ಬೆಟ್ಟ ಮತ್ತು ಆಕಾಶ. ಹತ್ತಿರ ಹೋದರೆ ನಾವೇ ಕಾಣುತ್ತೇವೆ. ಬಂದವರೆಲ್ಲ ಒಳಗೆ ಹೋಗುವ ಮೊದಲು ಅರ್ಧ ಗಂಟೆ ಹೊರಗೇ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ನಾವೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಒಳಗೆ ಹೋಗುವಾಗ ನಾನು ನಿರೀಕ್ಷಿಸಿದ್ದು ಆ ಹೆಸರಾಂತ ಸೂಪಿನ ಡಬ್ಬಿಗಳನ್ನು. ಆದರೆ ಅಲ್ಲಿದ್ದವು ಮುಖಗಳು. ಎಲಿಜಬೆತ್ ಟೇಲರ್, ಜಾಕಿ ಕೆನಡಿ, ಹಾಡುಗಾರ್ತಿ ಡಾಲಿ ಪಾರ್ಟನ್... ಗುಲಾಬಿ, ಹಸಿರು, ನೀಲಿ ಬಣ್ಣದ ಮುಖಗಳು. ತುಟಿಯ ಬಣ್ಣ ತುಟಿಯಿಂದ ಸ್ವಲ್ಪ ಆಚೆಗೆ ಸರಿದಿರುತ್ತದೆ, ಕಣ್ಣಿನ ಮೇಲೆ ಹಚ್ಚಿದ ನೀಲಿ ಕಣ್ಣಿನ ಗೆರೆ ಬಿಟ್ಟು ಹೋಗಿರುತ್ತದೆ. ಮೊದಲು ಚಂದ ಕಾಣುತ್ತದೆ. ಐದು ನಿಮಿಷ ನೋಡಿದ ಮೇಲೆ ಯಾವುದೋ ಮುಖವಾಡ ನೋಡಿದ ಹಾಗೆ ಆಗುತ್ತದೆ. ಅಷ್ಟು ದೊಡ್ಡ ಮುಖ, ಒಳಗೆ ಯಾರೂ ಇಲ್ಲದ ಹಾಗೆ. ನನಗೆ ಅನಿಸಿದ್ದು ಅಷ್ಟು, ಕಲೆ ಬಲ್ಲವರು ಬೇರೆ ಹೇಳಬಹುದು.

ನಮ್ಮ ಚಿಕ್ಕವನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನಿಗೆ ಸಿಕ್ಕಿದ್ದು 'ಸಿಲ್ವರ್ ಕ್ಲೌಡ್ಸ್', ಬೆಳ್ಳಿ ಮೋಡಗಳು. ದಿಂಬಿನ ಆಕಾರದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಬಲೂನುಗಳು, ಒಳಗೆ ಹೀಲಿಯಂ. ಸೂರಿಗೂ ಹೋಗಿ ಅಂಟಿಕೊಳ್ಳದೆ, ನೆಲಕ್ಕೂ ಬೀಳದೆ ಕೋಣೆ ತುಂಬ ತೇಲುತ್ತಿರುತ್ತವೆ. 1966ರಲ್ಲಿ ಬಿಲ್ಲಿ ಕ್ಲೂವರ್ ಎಂಬ ಇಂಜಿನಿಯರ್ ಜೊತೆ ಸೇರಿ ವಾರ್ಹಾಲ್ ಮಾಡಿದ್ದು. ಮುಟ್ಟಬಹುದು, ತಳ್ಳಬಹುದು. ಸೌದಿ ಹುಡುಗರು, ಫಿಲಿಪಿನೋ ನರ್ಸುಗಳು, ಅಬಾಯಾ ತೊಟ್ಟ ಅಜ್ಜಿಯರು, ನಮ್ಮ ಮಗ, ಎಲ್ಲರೂ ಸೇರಿ ಬಲೂನು ತಳ್ಳುತ್ತಿದ್ದರು. ಇಡೀ ಪ್ರದರ್ಶನದಲ್ಲಿ ಯಾರೂ ಫೋನ್ ಹಿಡಿಯದೆ ನಕ್ಕ ಜಾಗ ಅದೊಂದೇ.

ಅಂದ ಹಾಗೆ, ಗಲ್ಫಿಗೆ ವಾರ್ಹಾಲ್ ಬಂದದ್ದು ಇದೇ ಮೊದಲಲ್ಲ. 1977ರ ಜನವರಿಯಲ್ಲಿ ಅವನೇ ಖುದ್ದಾಗಿ ಕುವೈತಿಗೆ ತನ್ನ ಪ್ರದರ್ಶನಕ್ಕೆ ಬಂದಿದ್ದ. ನಮ್ಮ ಕರಾವಳಿಯಿಂದ ಜನ ಕುವೈತು, ಮಸ್ಕತ್ತು ಎಂದು ಹೊರಟಿದ್ದ ಕಾಲವೂ ಅದೇ. ನಮ್ಮವರು ಯಾರಾದರೂ ಆ ಬಿಳಿ ಕೂದಲಿನವನನ್ನು ಏರ್‌ಪೋರ್ಟಿನಲ್ಲಿ ನೋಡಿದ್ದರೂ ಗುರುತು ಹಿಡಿದಿರಲಿಕ್ಕಿಲ್ಲ.

ಈಗ ಸೂಪಿನ ಡಬ್ಬಿಯ ಕಥೆ. 1962ರಲ್ಲಿ ಕ್ಯಾಂಬೆಲ್ ಕಂಪನಿಯ ಸೂಪಿನ 32 ಬಗೆಗೆ 32 ಚಿತ್ರ ಬರೆದ. ಟೊಮೇಟೊ, ಕೋಳಿ, ಅಣಬೆ, ಹೀಗೆ. ಹೆಸರು ಬಿಟ್ಟರೆ ಎಲ್ಲ ಹೆಚ್ಚುಕಡಿಮೆ ಒಂದೇ. ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ ಅವನ್ನು ಅಂಗಡಿಯ ಕಪಾಟಿನ ಥರ ಸಾಲಾಗಿ ಇಟ್ಟರು. ಜನ ನಕ್ಕರು. ಹತ್ತಿರದ ಇನ್ನೊಂದು ಗ್ಯಾಲರಿಯವರು ತಮಾಷೆಗೆ ಕಿಟಕಿಯಲ್ಲಿ ನಿಜವಾದ ಸೂಪಿನ ಡಬ್ಬಿಗಳನ್ನೇ ಪೇರಿಸಿಟ್ಟರು. ಚಿತ್ರ ಒಂದಕ್ಕೆ 100 ಡಾಲರ್. ಹೋದದ್ದು ನಾಲ್ಕೈದು ಮಾತ್ರ. ಗ್ಯಾಲರಿಯ ಇರ್ವಿಂಗ್ ಬ್ಲಮ್ ಅವನ್ನೂ ವಾಪಸ್ ಪಡೆದು, ಪೂರ್ತಿ ಸೆಟ್ಟನ್ನು 1,000 ಡಾಲರಿಗೆ ತಾನೇ ಇಟ್ಟುಕೊಂಡ, ಅದೂ ಕಂತಿನ ಮೇಲೆ! 1996ರಲ್ಲಿ ಅದು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಸೇರುವಾಗ ಬೆಲೆ ಸುಮಾರು ಒಂದೂವರೆ ಕೋಟಿ ಡಾಲರ್. 2022ರಲ್ಲಿ ಅವನ ಒಂದು ಮೆರಿಲಿನ್ ಮನ್ರೋ ಚಿತ್ರ ಹರಾಜಿನಲ್ಲಿ 19.5 ಕೋಟಿ ಡಾಲರಿಗೆ ಹೋಯಿತು.

ಆ ಮೊದಲ ಡಬ್ಬಿಗಳನ್ನು ಅವನು ಕೈಯಲ್ಲೇ ಬರೆದದ್ದು. ಆಮೇಲೆ ಅದೇ ವರ್ಷ ಸ್ಕ್ರೀನ್ ಪ್ರಿಂಟಿಂಗ್ ಹಿಡಿದ. ಇದನ್ನು ವಿವರಿಸುವುದು ನಮ್ಮ ಕಡೆಯವರಿಗೆ ಸುಲಭ. ಮದುವೆ ಕಾಗದ ಮಾಡಿಸಲು ಹೋದವರು ನೋಡಿರುತ್ತೀರಿ: ಮರದ ಚೌಕಟ್ಟಿಗೆ ಬಿಗಿದ ಬಲೆಯಂಥ ಬಟ್ಟೆ, ಅದರ ಮೇಲೆ ಫೋಟೋ ಮೂಲಕ ಇಳಿಸಿದ ಚಿತ್ರ, ಮೇಲಿಂದ ಇಂಕು ಸುರಿದು ರಬ್ಬರ್ ಪಟ್ಟಿಯಿಂದ ಒಂದು ಎಳೆತ. ಕೆಳಗಿನ ಕಾಗದದ ಮೇಲೆ ಗಣಪತಿ ಸಿದ್ಧ. ಸಾವಿರ ಕಾಗದಕ್ಕೆ ಸಾವಿರ ಗಣಪತಿ, ಕೆಲವು ಗಣಪತಿಗೆ ಇಂಕು ಜಾಸ್ತಿ, ಕೆಲವಕ್ಕೆ ಕಡಿಮೆ. ಅದನ್ನೇ ವಾರ್ಹಾಲ್ ಮೆರಿಲಿನ್ ಮನ್ರೋಗೆ ಮಾಡಿದ. ಅವಳು 1962ರ ಆಗಸ್ಟಿನಲ್ಲಿ ಸತ್ತ ಕೆಲವೇ ವಾರಗಳಲ್ಲಿ.

"ಹಾಗಾದರೆ ನಮ್ಮ ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬ ಬರೆದರೆ ಅದೂ ಪಾಪ್ ಆರ್ಟಾ ಅಪ್ಪ?" ಎಂದಳು ಮಗಳು, ವಾಪಸ್ ಬರುವ ವಿಮಾನದಲ್ಲಿ. ನನಗೆ ಭಲೇ ಅನಿಸಿತು. 1916ರಲ್ಲಿ ಮೈಸೂರು ಸರ್ಕಾರ ಶುರು ಮಾಡಿದ ಸಾಬೂನು ಕಾರ್ಖಾನೆ. ಪೆಟ್ಟಿಗೆಯ ಮೇಲೆ ಆನೆಯ ತಲೆ, ಸಿಂಹದ ದೇಹದ ಶರಭ. ರಜೆ ಮುಗಿಸಿ ಮಸ್ಕತ್ತಿಗೆ ಮರಳುವ ಕನ್ನಡಿಗರ ಸೂಟ್‌ಕೇಸಿನಲ್ಲಿ ಅದು ಇಲ್ಲದೆ ಇರುತ್ತದೆಯೇ? ಇಲ್ಲಿಂದ ಊರಿಗೆ ಹೋಗುವಾಗ ಟ್ಯಾಂಗ್, ಟೈಗರ್ ಬಾಮ್, ನಿಡೋ ಹಾಲಿನ ಪುಡಿಯ ಡಬ್ಬ. ಕುಂದಾಪುರ, ಭಟ್ಕಳ, ಉಡುಪಿ ಕಡೆಯ ಎಷ್ಟು ಅಡುಗೆಮನೆಗಳಲ್ಲಿ ಹಾಲಿನ ಪುಡಿ ಮುಗಿದು ಇಪ್ಪತ್ತು ವರ್ಷವಾದ ಮೇಲೂ ಆ ಹಳದಿ ಡಬ್ಬ ಅವಲಕ್ಕಿ, ಹುರಿಗಡಲೆ ತುಂಬಿಕೊಂಡು ಕೂತಿತ್ತು! ಒಮಾನಿ ಮಕ್ಕಳನ್ನು ಕೇಳಿದರೆ ಪರೋಟದೊಳಗೆ ಸುತ್ತಿ ತಿನ್ನುವ 'ಚಿಪ್ಸ್ ಒಮಾನ್' ಪೊಟ್ಟಣ ಬರೆಯಿರಿ ಎಂದಾರು. ಸಾಮಾನು ನೋಡಿದರೆ ಮನುಷ್ಯ ಎಲ್ಲಿಂದ ಎಲ್ಲಿಗೆ ಹೋದ ಎಂದು ಗೊತ್ತಾಗುತ್ತದೆ.

ಮುಖದ ವಿಷಯದಲ್ಲೂ ನಾವೇನು ಹಿಂದೆ ಬಿದ್ದವರಲ್ಲ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 35. 'ಆಟೋ ರಾಜ' ಬಂದದ್ದು 1980ರಲ್ಲಿ. ಇವತ್ತಿಗೂ ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ಅವರ ಮುಖ ಓಡಾಡುತ್ತಿದೆ. ಅಚ್ಚು ಒಂದೇ, ಒಂದೊಂದು ಆಟೋದಲ್ಲಿ ಒಂದೊಂದು ಬಣ್ಣ. ವಾರ್ಹಾಲ್ ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ. 2021ರ ಅಕ್ಟೋಬರ್ 29ರ ನಂತರ ಪುನೀತ್ ರಾಜ್‌ಕುಮಾರ್ ಮುಖ ಕಾಣದ ಊರು ಕರ್ನಾಟಕದಲ್ಲಿ ಇದೆಯೇ? ಕ್ಯಾಲೆಂಡರ್ ಚಿತ್ರಗಳ ಮಾತು ಬಂದರೆ ಗುಲ್ಬರ್ಗದ ಎಸ್.ಎಂ. ಪಂಡಿತರು, ಮುಂಬಯಿಯಲ್ಲಿ ಸಿನಿಮಾ ಪೋಸ್ಟರ್ ಬರೆದು, ಅವರ ದೇವರ ಚಿತ್ರಗಳು ದೇಶದ ಗೋಡೆಗೋಡೆಗೂ ಹೋದವು. ವೇದಿಕೆಯ ಮೇಲೆ ಹಾಡು ನಡೆಯುತ್ತಿದ್ದ ಹಾಗೇ ಚಿತ್ರ ಬರೆದು ಮುಗಿಸುತ್ತಿದ್ದ ಬಿ.ಕೆ.ಎಸ್. ವರ್ಮಾ ಅವರು 2023ರ ಫೆಬ್ರವರಿ 6ರಂದು ಹೋದರು, ಅಲ್-ಉಲಾದಲ್ಲಿ ವಾರ್ಹಾಲ್ ಪ್ರದರ್ಶನ ತೆರೆಯಲು ಹನ್ನೊಂದು ದಿನ ಇರುವಾಗ.

ಹಾಗಾಗಿ ನಾನು ಖ್ಯಾತಿಯನ್ನೇ ಬೈಯುವವನಲ್ಲ. ಶಂಕರ್ ನಾಗ್ ಮುಖ ಹಚ್ಚಿಕೊಂಡ ಆಟೋ ಚಾಲಕನಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಅದು ಪ್ರೀತಿ.

ಮಸ್ಕತ್ತಿಗೆ ಬಂದ ಮೇಲೆ ಮಗಳು ಪ್ರಾಜೆಕ್ಟ್ ಬರೆಯಲು ಕೂತಳು. ನಾನು ಸಹಾಯ ಮಾಡುತ್ತೇನೆಂದು ಪಕ್ಕದಲ್ಲಿ ಕೂತೆ (ಸಹಾಯ ಅವಳೇ ನನಗೆ ಮಾಡಿದ್ದು ಎನ್ನಿ). ಆಗ ಸಿಕ್ಕಿದ್ದು ವಾರ್ಹಾಲನ ತಾಯಿ ಜೂಲಿಯಾ. ಅಷ್ಟು ದೂರ ಹೋಗಿ ಅಷ್ಟು ಮುಖ ನೋಡಿ ಬಂದ ನನಗೆ ಕೊನೆಗೆ ಉಳಿದದ್ದು ಈ ಹೆಂಗಸಿನ ಕಥೆಯೇ.

ವಾರ್ಹಾಲ್ ಎನ್ನುವುದೇ ಮೊಟಕು ಮಾಡಿದ ಹೆಸರು. ಮೂಲ ಹೆಸರು ಆಂಡ್ರ್ಯೂ ವಾರ್ಹೋಲಾ, ಹುಟ್ಟಿದ್ದು 1928ರಲ್ಲಿ. ಅಪ್ಪ ಅಮ್ಮ ಇಬ್ಬರೂ ಈಗಿನ ಸ್ಲೊವಾಕಿಯಾದ ಈಶಾನ್ಯ ಮೂಲೆಯ ಮಿಕೋವಾ ಎಂಬ ಹಳ್ಳಿಯ ಕಡೆಯಿಂದ ಬಂದವರು. ಮೊದಲು ಅಪ್ಪ ಹೋದ, ಎಷ್ಟೋ ವರ್ಷದ ಮೇಲೆ, 1921ರಲ್ಲಿ, ಹೆಂಡತಿ ಹೋಗಿ ಸೇರಿಕೊಂಡಳು. ಗಲ್ಫಿನವರಿಗೆ ಈ ಕ್ರಮ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಕೂಲಿಕಾರ; 1942ರಲ್ಲಿ ಮೂರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡ. ಮನೆಯಲ್ಲಿ ಆಡುತ್ತಿದ್ದದ್ದು ರುಸಿನ್ ಎಂಬ ಭಾಷೆ. ಅದಕ್ಕೆ ಸ್ವಂತ ದೇಶವಿಲ್ಲ. ಯಾವ ಭಾಷೆ ಎಂದು ಕೇಳಿದರೆ ಆ ಜನ 'ನಮ್ಮ ಮಾತು' ಎನ್ನುತ್ತಿದ್ದರಂತೆ. ನಮ್ಮ ಸಂಘದಲ್ಲೇ ತುಳು, ಕೊಂಕಣಿ, ಬ್ಯಾರಿ, ಕೊಡವ ಮಾತಾಡುವ ಎಷ್ಟು ಮನೆಗಳಿವೆ! ಅವರಿಗೆಲ್ಲ ಇದು ಅರ್ಥವಾಗುತ್ತದೆ. ಕುಂದಾಪ್ರ ಕನ್ನಡದವನಾದ ನನಗಂತೂ ಚೆನ್ನಾಗಿ ಅರ್ಥವಾಯಿತು.

ಜೂಲಿಯಾ ಬಡತನದಲ್ಲಿ ಹಣ್ಣಿನ ಖಾಲಿ ಡಬ್ಬಿಗಳನ್ನು ಕತ್ತರಿಸಿ ತಗಡಿನ ಹೂ ಮಾಡಿ ಮನೆಮನೆಗೆ ಮಾರುತ್ತಿದ್ದಳು. ತಾನು ಡಬ್ಬಿಗಳ ಚಿತ್ರ ಬರೆಯಲು ಆ ಹೂಗಳೇ ಕಾರಣ ಎಂದು ಮಗ ಮುಂದೆ ಹೇಳಿಕೊಂಡಿದ್ದಾನೆ. ಎಂಟನೆಯ ವಯಸ್ಸಿನಲ್ಲಿ ಕೈಕಾಲು ನಡುಗುವ ಕಾಯಿಲೆ ಬಂದು ಅವನು ತಿಂಗಳುಗಟ್ಟಲೆ ಮಲಗಿದಾಗ, ಬಣ್ಣ ತುಂಬುವ ಪುಸ್ತಕ, ಸಿನಿಮಾ ಪತ್ರಿಕೆ ತಂದುಕೊಟ್ಟದ್ದೂ ಅವಳೇ. ಒಂದು ಪುಟ ಮುಗಿಸಿದರೆ ಒಂದು ಚಾಕಲೇಟು. 1952ರಲ್ಲಿ ನ್ಯೂಯಾರ್ಕಿನ ಮಗನ ಮನೆಗೆ ಬಂದವಳು ಸುಮಾರು ಇಪ್ಪತ್ತು ವರ್ಷ ಅಲ್ಲೇ ಇದ್ದಳು.

ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕೈಬರಹ ಬಳ್ಳಿ ಹಬ್ಬಿದ ಹಾಗೆ, ಸುರುಳಿ ಸುರುಳಿ. ಜಾಹೀರಾತಿಗೆ ಚಿತ್ರ ಬರೆಯುತ್ತಿದ್ದ ಮಗ ತನ್ನ ಚಿತ್ರಗಳ ಮೇಲಿನ ಅಕ್ಷರವನ್ನೆಲ್ಲ ಅಮ್ಮನಿಂದಲೇ ಬರೆಸಿದ. ಅವನು ಬರೆದುಕೊಟ್ಟದ್ದನ್ನು ಅವಳು ಒಂದೊಂದೇ ಅಕ್ಷರ ನೋಡಿ ನಕಲು ಮಾಡುತ್ತಿದ್ದಳು. ಎಷ್ಟೋ ಸಲ ಅಕ್ಷರ ಬಿಟ್ಟುಹೋಗುತ್ತಿತ್ತು. 1954ರಲ್ಲಿ ಸ್ಯಾಮ್ ಎಂಬ ಹೆಸರಿನ 25 ಬೆಕ್ಕುಗಳ ಪುಸ್ತಕ ಮಾಡಿದರು. ಶೀರ್ಷಿಕೆಯಲ್ಲಿ 'ನೇಮ್ಡ್' ಎಂದಿರಬೇಕಾದಲ್ಲಿ ಅಮ್ಮ 'ಡಿ' ಬಿಟ್ಟು 'ನೇಮ್' ಎಂದು ಬರೆದಳು. ಮಗ ತಿದ್ದಲಿಲ್ಲ. ಹಾಗೇ ಅಚ್ಚು ಹಾಕಿಸಿದ. ಇವತ್ತಿಗೂ ಆ ಪುಸ್ತಕದ ಹೆಸರು ಹಾಗೇ ಇದೆ. ಆಮೇಲೆ ಮೂನ್‌ಡಾಗ್ ಎಂಬ ಸಂಗೀತಗಾರನ ರೆಕಾರ್ಡಿನ ಹೊದಿಕೆಗೆ ಅವಳು ಬರೆದ ಅಕ್ಷರಕ್ಕೆ ದೊಡ್ಡ ವಿನ್ಯಾಸ ಸಂಸ್ಥೆಯೊಂದರ ಪ್ರಶಸ್ತಿಯೇ ಬಂತು. ಯಾರ ಹೆಸರಿಗೆ? 'ಆಂಡಿ ವಾರ್ಹಾಲನ ತಾಯಿ' ಎಂಬ ಹೆಸರಿಗೆ. ಜೂಲಿಯಾ ಎನ್ನುವ ಹೆಸರು ಅದರಲ್ಲಿಲ್ಲ.

ಇದನ್ನು ಓದುತ್ತಾ ನಾನು ಸುಮ್ಮನಾದೆ. ಮಗಳು "ಏನಾಯ್ತಪ್ಪ?" ಎಂದಳು. ಏನೂ ಇಲ್ಲ ಎಂದೆ.

ಆದದ್ದು ಹೀಗೆ. ನಾನು ಮಸ್ಕತ್ತಿಗೆ ಬಂದದ್ದು 1995ರಲ್ಲಿ. ಆಗ ಫೋನ್ ಅಂದರೆ ದುಬಾರಿ. ಊರಿನಲ್ಲಿ ನಮ್ಮ ಮನೆಗೆ ಫೋನೂ ಇರಲಿಲ್ಲ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ತಿಂಗಳಿಗೊಂದು ನೀಲಿ ಏರೋಗ್ರಾಮ್ ಬರೆಯುತ್ತಿದ್ದಳು. ಮಾತಾಡಿದ ಹಾಗೇ ಬರೆಯುತ್ತಿದ್ದಳು, ಅಲ್ಪವಿರಾಮ ಪೂರ್ಣವಿರಾಮ ಯಾವುದೂ ಇಲ್ಲ. ದನ ಕರು ಹಾಕಿದ್ದು, ಗೇರುಬೀಜಕ್ಕೆ ರೇಟು ಬಿದ್ದದ್ದು, ಪಕ್ಕದ ಮನೆಯವರ ಜಗಳ, ಮಳೆ ಹಿಡಿದದ್ದು ಎಲ್ಲ ಒಂದೇ ಉಸಿರಿಗೆ. ಒತ್ತಕ್ಷರ, ಮಹಾಪ್ರಾಣದ ಗೊಡವೆ ಇಲ್ಲ. 'ಸೌಖ್ಯ' ಯಾವಾಗಲೂ 'ಸೌಕ್ಯ'.

ನನಗೆ ಆಗ ಇಪ್ಪತ್ತಾರು. ಪದವಿ ಇದೆ, ಹೊರದೇಶದ ಕೆಲಸ ಇದೆ. ಒಂದು ಪತ್ರದ ಕೊನೆಗೆ ತಮಾಷೆ ಎಂದುಕೊಂಡು ಬರೆದೆ: "ಅಮ್ಮಾ, ಸೌಕ್ಯ ಅಲ್ಲ, ಸೌಖ್ಯ. ಖ್ಯ, ಖ್ಯ!" ಅದರ ಜೊತೆ ಇನ್ನೂ ನಾಲ್ಕು ತಪ್ಪು ತಿದ್ದಿ ಕಳಿಸಿದೆ.

ಮುಂದಿನ ತಿಂಗಳಿನಿಂದ ಬಂದ ಪತ್ರಗಳ ಅಕ್ಷರ ಮುತ್ತು ಪೋಣಿಸಿದಂತೆ. ಪಕ್ಕದ ಮನೆಯ ಕಾಲೇಜು ಹುಡುಗಿಯಿಂದ ಅಮ್ಮ ಬರೆಸಲು ಶುರು ಮಾಡಿದ್ದಳು. "ನಾವೆಲ್ಲರೂ ಇಲ್ಲಿ ಸೌಖ್ಯವಾಗಿದ್ದೇವೆ, ನೀನು ಸೌಖ್ಯವಾಗಿರುವೆ ಎಂದು ನಂಬಿರುತ್ತೇವೆ." ಒಂದು ತಪ್ಪೂ ಇಲ್ಲ. ದನವೂ ಇಲ್ಲ, ಮಳೆಯೂ ಇಲ್ಲ, ಜಗಳವೂ ಇಲ್ಲ. ನಾನು ಕೇಳಿದರೆ, "ನಂಗೆ ಬರೂಕೆ ಬತ್ತಿಲ್ಲ ಮಗಾ" ಎಂದು ನಕ್ಕಳು. ಆಮೇಲೆ ಮನೆಗೆ ಫೋನ್ ಬಂತು, ಪತ್ರವೇ ನಿಂತಿತು. ಅಮ್ಮ 2011ರಲ್ಲಿ ಹೋದಳು. ಅವಳ ನಿಡೋ ಡಬ್ಬದಲ್ಲಿ ನಾನು ಬರೆದ ಪತ್ರಗಳೆಲ್ಲ ಇದ್ದವು, ಆ ತಪ್ಪು ತಿದ್ದಿದ ಪತ್ರವೂ. ನನ್ನ ಹತ್ತಿರ ಅವಳ ಸ್ವಂತ ಅಕ್ಷರದ್ದು ಉಳಿದಿರುವುದು ಮೂರು. ಮಿಕ್ಕವು ಮನೆ ಬದಲಿಸುವಾಗ ಎಲ್ಲಿ ಹೋದವೋ.

ಇರಲಿ. ಸಂಘದ ವಿಷಯಕ್ಕೆ ಬರೋಣ.

ನಮ್ಮ ಸಭೆಯಲ್ಲಿ ಸ್ಟಾರ್ ಅತಿಥಿಯ ಪರ ಹೇಳಿದ ಮಾತುಗಳನ್ನು ನಾನು ತಳ್ಳಿಹಾಕುವುದಿಲ್ಲ. ಹೆಸರಿರುವವರು ಬಂದರೆ ಹಾಲ್ ತುಂಬುತ್ತದೆ. ಹಾಲ್ ತುಂಬಿದರೆ ಪ್ರಾಯೋಜಕರು ಕೊಡುತ್ತಾರೆ. ಪ್ರಾಯೋಜಕರು ಕೊಟ್ಟರೆ ಊಟ ಚೆನ್ನಾಗಿರುತ್ತದೆ. ಇದು ಸತ್ಯ, ಖಜಾಂಚಿಯಾಗಿ ಎರಡು ವರ್ಷ ದುಡಿದವನು ನಾನು, ನನಗೂ ಗೊತ್ತು. ವಾರ್ಹಾಲನೂ ಖ್ಯಾತಿಯ ಲೆಕ್ಕ ಬಲ್ಲವನೇ: 1970ರ ದಶಕದಲ್ಲಿ ಶ್ರೀಮಂತರು ಕೇಳಿದರೆ 25,000 ಡಾಲರಿಗೆ ಒಂದು ಮುಖ ಮಾಡಿಕೊಡುತ್ತಿದ್ದ, ಎರಡನೆಯ ಪ್ರತಿಗೆ ರಿಯಾಯಿತಿ! ಎಲ್ಲರಿಗೂ 15 ನಿಮಿಷದ ಖ್ಯಾತಿ ಎಂಬ ಮಾತನ್ನು ಅವನ ತಲೆಗೆ ಕಟ್ಟುತ್ತಾರೆ. ಹೇಳಿದ್ದು ಅವನೋ ಅಲ್ಲವೋ, ಅದಕ್ಕೇ ಇನ್ನೂ ವಾದ ನಡೆದಿದೆ.

ಆದರೆ ನಮ್ಮ ಲೆಕ್ಕವನ್ನೂ ಸ್ವಲ್ಪ ನೋಡಿ. ಹಿಂದೊಮ್ಮೆ ಬಂದ ಅತಿಥಿ (ಹೆಸರು ಬೇಡ) ಮೂರು ಗಂಟೆ ತಡವಾಗಿ ಬಂದು, ಹತ್ತು ನಿಮಿಷ ಮಾತಾಡಿದ್ದು, ಅದರಲ್ಲಿ ಅರ್ಧ ಇಂಗ್ಲಿಷ್. ಅಷ್ಟರಲ್ಲಿ ಎರಡು ತಿಂಗಳಿನಿಂದ ಅಭ್ಯಾಸ ಮಾಡಿದ್ದ ಮಕ್ಕಳ ನಾಟಕವನ್ನು ಇಪ್ಪತ್ತೈದು ನಿಮಿಷದಿಂದ ಎಂಟಕ್ಕೆ ಇಳಿಸಿದ್ದೆವು. ನನ್ನ ಮಗ ಅದರಲ್ಲಿ ಮಂತ್ರಿ. ಮಂತ್ರಿಯ ಪಾತ್ರವೇ ಹಾರಿಹೋಯಿತು. ಆಮೇಲೆ ಅದೇ ಮಕ್ಕಳು ಸೆಲ್ಫಿಗೆ ಸಾಲು ನಿಂತರು. ನಾನೂ ನಿಂತೆ. ಆ ಫೋಟೋ ಈಗ ಯಾವ ಫೋನಿನಲ್ಲಿದೆಯೋ ಗೊತ್ತಿಲ್ಲ.

2025ರ ಮೇ ತಿಂಗಳಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಂಥ ಗಲಾಟೆ! ಕನ್ನಡದ ನಟಿ ಯಾಕಲ್ಲ ಎಂದು ಎಲ್ಲರೂ ಕೇಳಿದರು. ಕರ್ನಾಟಕದ ಆಚೆಗೂ ಮಾರುಕಟ್ಟೆ ಬೇಕು ಎಂದು ಸರ್ಕಾರ ಹೇಳಿತು. ನನಗೆ ಅನಿಸಿದ್ದು ಬೇರೆ: ಆ ಪೆಟ್ಟಿಗೆಯ ಮೇಲಿನ ಶರಭನಿಗಿಂತ ಹೆಸರುವಾಸಿ ಮುಖ ಇನ್ಯಾವುದು? ನೂರು ವರ್ಷ ನಮ್ಮ ಬಚ್ಚಲಿನಲ್ಲಿ ಇದ್ದದ್ದನ್ನು ನಾವೇ ಖ್ಯಾತಿ ಎಂದು ಎಣಿಸುವುದಿಲ್ಲ. ನಮ್ಮ ಸಂಘದ ಕಥೆಯೂ ಅದೇ.

ಇನ್ನೊಂದು ವಿಷಯ, ಕನ್ನಡ ತರಗತಿಯ ಶಿಕ್ಷಕಿಯರು ಕ್ಷಮಿಸಬೇಕು. ನಮ್ಮ ಮಕ್ಕಳು ಅಚ್ಚಾದ ಕನ್ನಡವನ್ನು ತಡವರಿಸಿ ಓದುತ್ತಾರೆ, ಸಂತೋಷ. ಆದರೆ ಕೈಬರಹ ಓದಲು ಬರುವುದಿಲ್ಲ. ನನ್ನ ಮಗಳಿಗೆ ಅಮ್ಮನ ಪತ್ರ ಕೊಟ್ಟೆ. ಮೊದಲ ಸಾಲು ನೋಡಿ, "ಇದು ಕನ್ನಡನಾ ಅಪ್ಪ?" ಎಂದಳು. ತಪ್ಪು ಅವಳದಲ್ಲ, ಅವಳಿಗೆ ಯಾರೂ ಕೈಯಲ್ಲಿ ಬರೆದ ಪತ್ರ ಹಾಕಿಲ್ಲ. ನಾನು ಹಾಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅತಿಥಿಯನ್ನು ಕರೆಸುವವರು ಕರೆಸಿ, ಜಗಳವಿಲ್ಲ. ಬೇಕಿದ್ದರೆ ಒಂದು ಹೆಜ್ಜೆ ಸಣ್ಣ ಹೆಸರಿನವರನ್ನು ಕರೆಸಿ. ಉಳಿದ ಹಣದಲ್ಲಿ ಹಾಲಿನ ಒಂದು ಗೋಡೆ ನನಗೆ ಬಿಟ್ಟುಕೊಡಿ. ಪ್ರತಿ ಮನೆಯಿಂದ ಹಿರಿಯರ ಕೈಬರಹದ ಒಂದು ಹಾಳೆ ತನ್ನಿ. ಪತ್ರವಾದರೂ ಸರಿ, ಉಪ್ಪಿನಕಾಯಿಯ ಅಳತೆಯಾದರೂ ಸರಿ, ಹಾಲಿನವನ ಲೆಕ್ಕವಾದರೂ ಸರಿ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ ಪತ್ರಗಳಿರುತ್ತವೆ, ತುಳು, ಬ್ಯಾರಿಯವೂ ಇರುತ್ತವೆ, ಅವೆಲ್ಲ ಬೇಕು. ಮೂಲ ಪ್ರತಿ ಕೊಡುವುದು ಬೇಡ, ನಾವು ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತೇವೆ. ಕೆಳಗೆ ಬರೆದವರ ಹೆಸರು ಇರಲಿ. 'ಇಂಥವರ ತಾಯಿ' ಎಂದಲ್ಲ, ಅವರದ್ದೇ ಹೆಸರು. ಕಾಗುಣಿತ ಯಾರೂ ತಿದ್ದಬೇಡಿ. ಅದನ್ನು ಓದಿ ಹೇಳುವುದು ಅದೇ ಮನೆಯ ಮಗುವಿನ ಕೆಲಸ. ಮಂತ್ರಿಯ ಪಾತ್ರದ ಹಾಗೆ ಅದನ್ನು ಕೊನೆಯ ಗಳಿಗೆಯಲ್ಲಿ ಹಾರಿಸುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಶುರುವಾಗಿದೆ. ಶುಕ್ರವಾರ ಬೆಳಗ್ಗೆ ತಿಂಡಿ ಆದ ಮೇಲೆ ಹತ್ತು ನಿಮಿಷ, ಮಗಳು, ಮಗ ಇಬ್ಬರೂ. ಮೂರರಲ್ಲಿ ಮೊದಲನೆಯ ಪತ್ರ ಮುಕ್ಕಾಲು ಮುಗಿದಿದೆ. ಕರು ಹುಟ್ಟಿದೆ, ಗೇರುಬೀಜದ ರೇಟು ಬಿದ್ದಿದೆ. ಹೋದ ವಾರ ಮಗ ಒಂದು ಕಡೆ ನಿಂತು ಪೆನ್ಸಿಲ್ ತೆಗೆದುಕೊಂಡ. "ಅಪ್ಪ, ಇಲ್ಲಿ ಅಜ್ಜಿ ಸೌಖ್ಯ ತಪ್ಪು ಬರೆದಿದ್ದಾರೆ, ಸರಿ ಮಾಡ್ಲಾ?"

ಪೆನ್ಸಿಲ್ ಇಸಿದುಕೊಂಡು ಕಿಸೆಯಲ್ಲಿ ಇಟ್ಟುಕೊಂಡೆ.